ಗದ್ದ ಒಳಗೆ, ಬೆನ್ನು ಸೀಟಿಗೆ

ಫೆಬ್ರವರಿ 3, ಸೋಮವಾರ

ತಲೆನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಬಂದಾಗ ಏನು ಮಾಡುತ್ತಿದ್ದೆ, ಎಲ್ಲ ಬರೆದಿಡಿ ಅಂದರು ಆಸ್ಪತ್ರೆಯ ಡಾಕ್ಟರು. ಸರಿ, ಬರೆಯುತ್ತೇನೆ. ತೋರಿಸುವುದಿಲ್ಲ. ಅವರಿಗೆ ಬೇಕಾದರೆ ಬೇರೆ ಚೀಟಿಯಲ್ಲಿ ನಾಲ್ಕು ಗೀಟು ಹಾಕಿ ಕೊಡುತ್ತೇನೆ. ಇಲ್ಲಿ ಬರೆಯುವುದು ನನ್ನ ಸಿಟ್ಟು.

ಬಂದಾಗ ಏನು ಮಾಡುತ್ತಿದ್ದೆ ಅಂದರೆ, ಕ್ರೇನು ನಡೆಸುತ್ತಿದ್ದೆ. ಬೇರೇನು ಮಾಡುತ್ತೇನೆ ನಾನು? ಬೆಳಿಗ್ಗೆ ಏಣಿ ಹತ್ತಿದರೆ ಸಂಜೆಯವರೆಗೆ ಆ ಗಾಜಿನ ಗೂಡೇ ನನ್ನ ಮನೆ. ಕಾಲ ಕೆಳಗೂ ಗಾಜು. ಎರಡು ಪಾದಗಳ ನಡುವಿನಿಂದ ಬಗ್ಗಿ ನೋಡುತ್ತ ಕಬ್ಬಿಣ, ಕಾಂಕ್ರೀಟು, ಇಟ್ಟಿಗೆ ಎಲ್ಲ ಎತ್ತಿ ಇಳಿಸುತ್ತೇನೆ. ಸೈಟಿನಲ್ಲಿ ಎಲ್ಲರೂ ಹದ್ದಕ್ಕ ಅನ್ನುತ್ತಾರೆ. ಬೆನ್ನ ಹಿಂದೆ ಅನ್ನುತ್ತಾರೆ, ಮೇಲಿಂದ ನನಗೆ ಕೇಳುವುದಿಲ್ಲ ಅಂದುಕೊಂಡಿದ್ದಾರೆ.

ಹೋದ ವಾರ ಬಲಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆದ ಹಾಗಾಗಿ ಕ್ಯಾಬಿನ್ನಿನಲ್ಲೇ ವಾಂತಿ ಮಾಡಿಕೊಂಡೆ. ಪುಣ್ಯಕ್ಕೆ ಕೊಕ್ಕೆಯಲ್ಲಿ ಭಾರ ಇರಲಿಲ್ಲ. ಇಬ್ಬರು ಹತ್ತಿ ಬಂದು ನನ್ನನ್ನು ಮಗುವಿನ ಹಾಗೆ ಇಳಿಸಿಕೊಂಡು ಹೋದರು. ಇಡೀ ಸೈಟು ಕೈಕಟ್ಟಿ ನೋಡಿತು. ಆ ನೋಟ ನನಗೆ ತಲೆನೋವಿಗಿಂತ ಹೆಚ್ಚು ಚುಚ್ಚಿತು.

ಈಗ ಮ್ಯಾನೇಜರ ಅಪ್ಪಣೆ ಹೀಗಿದೆ. ಏಪ್ರಿಲ್ ಮೊದಲ ವಾರ ಕಂಪನಿ ಡಾಕ್ಟರ ಪರೀಕ್ಷೆ. ಅಲ್ಲಿಯವರೆಗೆ ನಾನು ಹತ್ತುವಂತಿಲ್ಲ, ಸ್ಟೋರಿನಲ್ಲಿ ಕೂರಬೇಕು. ಮಾತ್ರೆ ನುಂಗುವವರಿಗೆ ಕ್ಯಾಬಿನ್ನು ಇಲ್ಲ. ಪಾಸಾದರೆ ಕ್ರೇನು ನನ್ನದು. ಇಲ್ಲವಾದರೆ ಅದು ಬದಲಿ ಆಪರೇಟರಿಗೆ ಖಾಯಂ ಆಗುತ್ತದೆ, ನನಗೆ ಸ್ಟೋರು ಖಾಯಂ ಆಗುತ್ತದೆ.

ಆಸ್ಪತ್ರೆ ಡಾಕ್ಟರು ಸ್ಕ್ಯಾನು ನೋಡಿ ತಲೆಯೊಳಗೆ ಏನೂ ಇಲ್ಲ ಅಂದರು. (ಅತ್ತೆ ಇದನ್ನು ಕೇಳಿ "ನಂಗೆ ಮೊದಲೇ ಗೊತ್ತಿತ್ತು" ಅಂದರು.) ದಿನಾ ನುಂಗುವ ಮಾತ್ರೆಯೇ ಈಗ ನೋವು ತರಿಸುತ್ತಿದೆ, ಅದನ್ನು ಬಿಡಿ, ಫಿಸಿಯೋಥೆರಪಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ತಲೆನೋವಿಗೆ ಕೈಕಾಲು ಆಡಿಸುವ ಚಿಕಿತ್ಸೆಯಂತೆ.

ಫೆಬ್ರವರಿ 5, ಬುಧವಾರ

ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಫಿಸಿಯೋ ಕೋಣೆ. ಎಂಥ ಜಾಗ ಹುಡುಕಿದ್ದಾರೆ. ಮೇಲೆ ಮಾತ್ರೆ ಬೇಡ ಅನ್ನುವುದು, ಕೆಳಗೆ ಮಾತ್ರೆ ಮಾರುವುದು.

ಒಳಗಿದ್ದವಳು ಹುಡುಗಿ. ನನ್ನ ಅರ್ಧ ವಯಸ್ಸು ಇದ್ದೀತು. ಮಲಗಿಸಿ, ತಲೆಬುರುಡೆ ಕುತ್ತಿಗೆಗೆ ಸೇರುವ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಬಲಗಣ್ಣಿನ ಹಿಂದೆ ಮೊಳೆ ಶುರುವಾಯಿತು.

"ಕಣ್ಣಿನ ಹಿಂದೆ ಬಂತಾ?"

"ಬಂತು."

"ಯಾವಾಗ್ಲೂ ಬರೋದು ಇದೇ ನೋವಾ?"

"ಇದೇ. ಕೈ ತೆಗಿ."

ತೆಗೆದಳು. ನೋವು ಸ್ವಲ್ಪ ಹೊತ್ತಿಗೆ ಇಳಿಯಿತು. ನನ್ನ ನೋವನ್ನು ಸ್ವಿಚ್ಚು ಹಾಕಿ ಆರಿಸಿದ ಹಾಗೆ ಮಾಡಿ ತೋರಿಸಿದಳಲ್ಲ ಅಂತ ಮೈ ಉರಿಯಿತು. ಇದು ಕುತ್ತಿಗೆಯಲ್ಲಿ ಹುಟ್ಟಿ ತಲೆಗೆ ಹೋಗುವ ನೋವು ಅಂದಳು. ಕುತ್ತಿಗೆಯ ಮುಂದುಗಡೆ ಒಳಗಿರುವ ಸಣ್ಣ ಸ್ನಾಯುಗಳು ಕೆಲಸ ಮರೆತಿವೆ, ಹಿಂದಿನವು ಎಲ್ಲರ ಕೆಲಸವನ್ನೂ ತಾವೇ ಮಾಡಿ ಗಂಟು ಕಟ್ಟಿಕೊಂಡಿವೆ ಅಂದಳು. ಮನೆಯಲ್ಲಿ ಮಾಡುವುದಕ್ಕೆ ವ್ಯಾಯಾಮ ಕೊಟ್ಟಳು. ಅಂಗಾತ ಮಲಗಿ, ಗದ್ದ ಒಳಕ್ಕೆಳೆದು, ಯಾರಿಗೋ ಹೂಂ ಅನ್ನುವ ಹಾಗೆ ಸಣ್ಣಗೆ ತಲೆ ಆಡಿಸಿ ಹಿಡಿಯಬೇಕಂತೆ.

"ಇಷ್ಟೇನಾ?" ಅಂದೆ.

"ಇಷ್ಟೇ. ಮಾಡಿ ನೋಡಿ."

ಆಗಲಿಲ್ಲ. ಕುತ್ತಿಗೆ ಗಡಗಡ ನಡುಗಿತು. ಟನ್ನುಗಟ್ಟಲೆ ಎತ್ತುವವಳು ನಾನು, ನನ್ನ ಸ್ವಂತ ತಲೆ ಎತ್ತಲು ಆಗಲಿಲ್ಲ. ನಾನು ಯಾರಿಗೂ ಹೂಂ ಅಂದವಳಲ್ಲ, ಅದಕ್ಕೇ ಅಭ್ಯಾಸವಿಲ್ಲ ಅಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ಫೆಬ್ರವರಿ 8, ಶನಿವಾರ

ಮಾತ್ರೆ ಬಿಟ್ಟು ಮೂರನೇ ದಿನ. ತಲೆ ಸಿಡಿಯುತ್ತಿದೆ. ಬಿಟ್ಟ ಮೇಲೆ ಮೊದಲು ಜಾಸ್ತಿ ಆಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಇಷ್ಟು ಅಂತ ಹೇಳಿರಲಿಲ್ಲ.

ಫೆಬ್ರವರಿ 9, ಭಾನುವಾರ

ಬೆಳಕು ಬೇಡ. ಯಾರೂ ಬೇಡ.

ಫೆಬ್ರವರಿ 13, ಗುರುವಾರ

ಬದುಕಿದ್ದೇನೆ.

ಸ್ಟೋರಿನಲ್ಲಿ ಕೂತು ಬಂದವರಿಗೆ ಕೈಗವಸು, ಹೆಲ್ಮೆಟ್ಟು ಕೊಡುತ್ತೇನೆ. ಕಿಟಕಿಯಿಂದ ನನ್ನ ಕ್ರೇನಿನ ಬುಡ ಮಾತ್ರ ಕಾಣುತ್ತದೆ. ಮ್ಯಾನೇಜರು ದಿನಕ್ಕೊಮ್ಮೆ ತಲೆ ಹಾಕಿ "ಹೇಗಿದೆ, ಆರಾಮಾಗಿದೆಯಲ್ಲ ಇಲ್ಲಿ?" ಅನ್ನುತ್ತಾರೆ. ಆರಾಮಾಗಿದೆ ಅಂತ ನನ್ನ ಬಾಯಿಂದ ಹೊರಡಿಸಬೇಕು ಅವರಿಗೆ. ಅವರ ಬೇಳೆ ನನ್ನ ಹತ್ತಿರ ಬೇಯುವುದಿಲ್ಲ.

ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಗದ್ದ ಎಳೆಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಕೋಳಿ ನೀರು ಕುಡಿಯೋ ಹಾಗಿದೆ."

"ಕೋಳಿಗೆ ತಲೆನೋವು ಬರೋದನ್ನ ನೋಡಿದೀರಾ ಅತ್ತೆ?"

ಅವರು ಯೋಚನೆ ಮಾಡುತ್ತ ಒಳಗೆ ಹೋದರು.

ವ್ಯಾಯಾಮ ಮಾಡುತ್ತಿರುವುದು ನಂಬಿಕೆಯಿಂದಲ್ಲ. ಮಾಡಿಯೂ ವಾಸಿಯಾಗಲಿಲ್ಲ ಅಂತ ಆ ಹುಡುಗಿಯ ಮುಖಕ್ಕೆ ಹೇಳಬೇಕಲ್ಲ, ಅದಕ್ಕೆ.

ಫೆಬ್ರವರಿ 20, ಗುರುವಾರ

ಇವತ್ತು ಫಿಸಿಯೋ ಹುಡುಗಿ ಕ್ಯಾಬಿನ್ನಿನಲ್ಲಿ ಹೇಗೆ ಕೂರುತ್ತೀರಿ ತೋರಿಸಿ ಅಂದಳು. ಕುರ್ಚಿ ಮೇಲೆ ಕೂತು, ಎರಡು ಕೈ ಲಿವರಿನ ಮೇಲಿಟ್ಟ ಹಾಗೆ ಇಟ್ಟು, ಕಾಲ ನಡುವೆ ಬಗ್ಗಿದೆ. ಪಕ್ಕದಿಂದ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದಳು. ಬೆನ್ನು ಒಂದು ಕಡೆ, ಗದ್ದ ಒಂದು ಕಡೆ. ಚಿಪ್ಪಿನಿಂದ ತಲೆ ಹೊರಗೆ ಹಾಕಿದ ಆಮೆ. ಅಳಿಸು ಅಂದೆ. ಅಳಿಸಿದಳು.

"ಕ್ಯಾಮೆರಾ ಏನಾದ್ರೂ ಇಲ್ವಾ ಅಲ್ಲಿ?"

"ಕೊಕ್ಕೆ ಹತ್ರ ಒಂದಿದೆ. ಅದರದ್ದು ಟಿವಿ ಕ್ಯಾಬಿನ್ನಲ್ಲಿದೆ."

"ಮತ್ತೆ?"

"ಅದರ ಮೇಲೆ ನನ್ನ ಟವೆಲ್ ಹಾಕ್ತೀನಿ. ನನ್ನ ಕಣ್ಣಿಗಿಂತ ಆ ಟಿವಿ ಜಾಣವಾ?"

"ಕೆಳಗೆ ನಿಂತು ದಾರಿ ಹೇಳೋರು ಯಾರೂ ಇಲ್ವಾ?"

"ಇದಾರೆ. ವಾಕಿಟಾಕೀಲಿ ಹೇಳ್ತಾರೆ. ನಮ್ಮನೆಯವರೇ."

"ನಿಮ್ಮ ಗಂಡಾನೇ ಹೇಳ್ತಾರೆ ಅಂದ್ಮೇಲೆ ನೀವ್ಯಾಕೆ ಬಗ್ಗಿ ನೋಡ್ಬೇಕು? ಬೆನ್ನು ಸೀಟಿಗೆ ಕೊಟ್ಟು ಅವರ ಮಾತು ಕೇಳಿದ್ರೆ ಆಯ್ತಲ್ಲ."

"ಮನೇಲೇ ಕೇಳಲ್ಲ. ಅಲ್ಲಿ ಕೇಳ್ತೀನಾ?"

ಅವಳು ಈ ಸಲ ನಗಲಿಲ್ಲ. "ನಾನು ಎಷ್ಟು ಒತ್ತಿ ಬಿಡಿಸಿದ್ರೂ ನೀವು ಮತ್ತೆ ಹೋಗಿ ಹಾಗೇ ಕೂತ್ರೆ ನೋವು ವಾಪಸ್ ಬರುತ್ತೆ. ಆಮೇಲೆ ಮಾತ್ರೇನೂ ವಾಪಸ್ ಬರುತ್ತೆ," ಅಂದಳು. ನಾಲಿಗೆ ಉದ್ದ.

ಇವರು, ಅಂದರೆ ನಮ್ಮನೆಯವರು, ಇಷ್ಟು ವರ್ಷ ಕೆಳಗಿಂದ ಎಡಕ್ಕೆ ಬಲಕ್ಕೆ ಅನ್ನುತ್ತಲೇ ಇದ್ದಾರೆ. ನಾನು ಸೊಪ್ಪು ಹಾಕಿದ್ದಿಲ್ಲ. ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ನೋಡಿ ಇಳಿಸಿಯೇ ಬಿಟ್ಟಿರುತ್ತೇನೆ. ಇತ್ತೀಚೆಗೆ ಅವರು ಹೂಂ, ಹೂಂ ಅಂತಷ್ಟೇ ಅನ್ನುತ್ತಿದ್ದರು. ಯಾವಾಗಿಂದ ಅನ್ನುವುದು ನನಗೆ ನೆನಪಿಲ್ಲ.

ಮಾರ್ಚ್ 2, ಭಾನುವಾರ

ಅಡುಗೆಮನೆಯಲ್ಲಿ ತಾಲೀಮು. ನನ್ನ ಕಣ್ಣಿಗೆ ಬಟ್ಟೆ. ಕೈಯಲ್ಲಿ ಮುಚ್ಚಳ. ಒಲೆಯ ಪಕ್ಕ ಹಾಲಿನ ಪಾತ್ರೆ. ಇವರು ಹೇಳಿದ ಹಾಗೆ ಕೈ ಆಡಿಸಿ ಮುಚ್ಚಬೇಕು. ಯೋಚನೆ ನನ್ನದೇ, ಆ ಹುಡುಗಿಯದಲ್ಲ.

"ಎಡಕ್ಕೆ. ಇನ್ನೂ ಸ್ವಲ್ಪ. ನಿಲ್ಸು. ಇಳಿಸು."

ಇಳಿಸಿದೆ. ಢಣ್ ಅಂತ ನೆಲಕ್ಕೆ ಬಿತ್ತು. ಎದುರು ನಿಂತಿದ್ದ ಮಹಾನುಭಾವರು ತಮ್ಮ ಎಡ ಹೇಳಿದ್ದಾರೆ. ಕ್ರೇನಿನಲ್ಲಿ ಎಡ ಅಂದರೆ ಯಾವತ್ತೂ ಮೇಲೆ ಕೂತವರ ಎಡ. ಈ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ.

"ಇಷ್ಟು ವರ್ಷ ಹೀಗೇ ಹೇಳ್ತಿದ್ರಾ?" ಅಂದೆ.

"ಮೊದಮೊದಲು ಸರಿಯಾಗೇ ಹೇಳ್ತಿದ್ದೆ. ಆಮೇಲೆ ಯಾವ ಎಡ ಹೇಳಿದ್ರೂ ನೀನು ಕೇಳಲ್ಲ ಅಂತ ಗೊತ್ತಾಯ್ತು. ಸುಮ್ನೆ ಬಾಯಿಗೆ ಬಂದದ್ದು ಹೇಳ್ತಿದ್ದೆ."

ಬಟ್ಟೆ ಬಿಚ್ಚಿ ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಮತ್ತೆ ಬಟ್ಟೆ ಕಟ್ಟಿಕೊಂಡೆ. "ನನ್ನ ಎಡ ಹೇಳಿ," ಅಂದೆ.

ಸಂಜೆಯವರೆಗೆ ಮುಚ್ಚಳ ಬಿದ್ದಿತು, ಸೌಟು ಬಿದ್ದಿತು. ಕೊನೆಗೆ ಅತ್ತೆ ಪಾತ್ರೆಯನ್ನು ಎತ್ತಿಕೊಂಡು, "ಹಾಲು ಕಾಯಿಸ್ಬೇಕು, ನಿಮ್ಮ ಸಂಸಾರ ಆಮೇಲೆ ಮಾಡಿ," ಅಂದರು.

ಮಾರ್ಚ್ 11, ಮಂಗಳವಾರ

ಸ್ಟೋರಿನ ಕಪಾಟುಗಳನ್ನೆಲ್ಲ ಕಣ್ಣಿನ ಎತ್ತರಕ್ಕೆ ಏರಿಸಿದೆ. ಬಗ್ಗಿ ಬಗ್ಗಿ ಕೊಡುವುದು ಯಾರಿಗೆ ಬೇಕು. ಎಲೆಕ್ಟ್ರಿಷಿಯನ್ನು ಫೋನು ನೋಡುತ್ತ ಗದ್ದ ಎದೆಗೆ ಅಂಟಿಸಿಕೊಂಡು ನಿಂತಿದ್ದ. ನೆಟ್ಟಗೆ ನಿಲ್ಲಪ್ಪ ಅಂದೆ. ನಿಂತ.

ಬದಲಿ ಆಪರೇಟರು ಬೆಳಿಗ್ಗೆ ಮ್ಯಾನೇಜರ ಕೋಣೆಯಿಂದ ಬಂದ. ಬಾಯಿ ಒರೆಸಿಕೊಳ್ಳುತ್ತಿದ್ದ. ನೀರು ಕೇಳಿ ಕುಡಿದ. ಕಣ್ಣು ಕೆಂಪಗಿತ್ತು.

"ಯಾವ ಮಾತ್ರೆ?" ಅಂದೆ.

"ಏನಿಲ್ಲ ಅಕ್ಕ, ಸ್ವಲ್ಪ ತಲೆಭಾರ. ಸಾಹೇಬ್ರು ಡ್ರಾಯರಲ್ಲಿ ಇಟ್ಟಿರ್ತಾರೆ."

ಮಾತ್ರೆ ನುಂಗುವವರಿಗೆ ಕ್ಯಾಬಿನ್ನು ಇಲ್ಲ ಅಂತ ನನಗೆ ಹೇಳಿದ ಅದೇ ಸಾಹೇಬರು. ಅಂದರೆ ನುಂಗಿದ್ದು ತಪ್ಪಲ್ಲ, ನುಂಗಿಯೂ ವಾಂತಿ ಮಾಡಿದ್ದು ತಪ್ಪು. ಇವತ್ತೆಲ್ಲ ಸಿಟ್ಟಿನಲ್ಲೇ ಇದ್ದೆ. ತಲೆ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ಮಾರ್ಚ್ 23, ಭಾನುವಾರ

ಸೈಟಿಗೆ ರಜ. ಪರೀಕ್ಷೆಗೆ ಮುಂಚೆ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ ಅಂತ ಕಂಪನಿ ಡಾಕ್ಟರು ಬಿಟ್ಟರು. ಕೆಳಗೆ ಇವರೊಬ್ಬರೇ. ಬದಲಿಯವನು ನನ್ನ ಪಕ್ಕದಲ್ಲಿ ನಿಂತಿದ್ದ. ಕೊಕ್ಕೆಯಲ್ಲಿ ಮರಳಿನ ಚೀಲ.

ಬೆನ್ನು ಸೀಟಿಗೆ ಕೊಟ್ಟೆ. ಗದ್ದ ಒಳಗೆ. ಟಿವಿಯ ಮೇಲೆ ಇನ್ನೂ ನನ್ನ ಟವೆಲ್ ಇತ್ತು, ಅದನ್ನು ತೆಗೆದು ಬದಲಿಯವನ ಹೆಗಲಿಗೆ ಹಾಕಿದೆ. ಹೇಳಿ ಅಂದೆ.

ವಾಕಿಟಾಕಿಯಲ್ಲಿ ಗೊರಗೊರ. ಆಮೇಲೆ ಇವರ ದನಿ. "ನೀನು ಬಗ್ಗಿ ನೋಡ್ತಿಲ್ವಾ?"

"ಇಲ್ಲ."

"ಒಂದ್ಸಲ ನೋಡೇ. ನಂಗೆ ಭಯ ಆಗತ್ತೆ."

"ನಂಗೂ ಆಗತ್ತೆ. ಹೇಳಿ."

ಇಡೀ ಪ್ರಪಂಚ ಕಾಲ ಕೆಳಗಿದೆ, ನೋಡು ನೋಡು ಅಂತ ಕುತ್ತಿಗೆ ಎಳೆಯುತ್ತದೆ. ನೋಡದೆ ಕೂರುವುದು ಭಾರ ಎತ್ತುವುದಕ್ಕಿಂತ ಕಷ್ಟ. ಹಲ್ಲು ಕಚ್ಚಿಕೊಂಡೆ. ಹಲ್ಲು ಕಚ್ಚಿದರೂ ಕುತ್ತಿಗೆ ಬಿಗಿಯುತ್ತದೆ ಅಂತ ಫಿಸಿಯೋ ಮೇಡಂ ಹೇಳಿದ್ದರು, ಬಿಟ್ಟೆ. ಬಲಕ್ಕೆ, ಮೆಲ್ಲಗೆ, ಇನ್ನೊಂದು ಆಳು ಉದ್ದ, ಒಂದು ಮೊಳ, ಗೇಣು, ನಿಲ್ಸು. ನಿಲ್ಲಿಸಿದೆ. ಚೀಲ ನೆಲದ ಗುರುತಿನ ಮೇಲೆಯೇ ಕೂತಿತ್ತು ಅಂತ ಕೆಳಗೆ ಬಂದ ಮೇಲೆ ಇವರು ತೋರಿಸಿದರು.

ಬಗ್ಗದೆ ಕೂತರೆ ಎದುರಿಗೆ ಒಂದು ಕೆರೆ ಇದೆ. ಸಾಕಷ್ಟು ದೊಡ್ಡದೇ. ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಏಪ್ರಿಲ್ 6, ಭಾನುವಾರ

ನಾಳೆ ಪರೀಕ್ಷೆ. ಬಿಟ್ಟಿ ಸಲಹೆ ಕೊಡಲು ಎಲ್ಲರೂ ಸಾಲಾಗಿ ನಿಂತಿದ್ದಾರೆ. ತಲೆನೋವು ಇದೆಯಾ ಅಂತ ಕೇಳಿದರೆ ಇಲ್ಲ ಅನ್ನು ಅಂತ ಇವರು. ಯಾವತ್ತೂ ಇರಲಿಲ್ಲ ಅನ್ನು ಅಂತ ಅತ್ತೆ. ಬದಲಿಯವನು ಕೂಡ, "ಇಲ್ಲ ಅಂದ್ಬಿಡಿ ಅಕ್ಕ, ನಾವೆಲ್ಲ ಹಾಗೇ ಅನ್ನೋದು," ಅಂದ. ಅವನಿಗೆ ನನ್ನ ಕ್ರೇನು ಬೇಕಾಗಿಲ್ಲ, ಅದು ಈಗ ಗೊತ್ತಾಯಿತು.

ನಿನ್ನೆ ಮೇಡಮ್ಮನನ್ನೇ ಕೇಳಿದೆ, ಏನನ್ನಲಿ ಅಂತ.

"ಪೂರ್ತಿ ಹೋಗಿದೆಯಾ ನೋವು?"

"ಇಲ್ಲ. ಅಪರೂಪಕ್ಕೆ ಬರುತ್ತೆ. ನೀವು ಹೇಳಿಕೊಟ್ಟಿದ್ದು ಮಾಡಿದ್ರೆ ಇಳಿಯುತ್ತೆ."

"ನಾನು ಅದನ್ನೇ ಬರ್ಕೊಡ್ತೀನಿ. ನಿಮ್ಮ ಬಾಯಲ್ಲಿ ಏನು ಬರಬೇಕು ಅನ್ನೋದು ನಿಮ್ಮದು."

ಪೂರ್ತಿ ಹೋಗಿಲ್ಲ ಅಂತ ಮುಖಕ್ಕೆ ಹೇಳಬೇಕು ಅಂತಿದ್ದೆನಲ್ಲ, ಹೇಳಿದ ಹಾಗಾಯಿತು. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಏಪ್ರಿಲ್ 7, ಸೋಮವಾರ

ಕಂಪನಿ ಡಾಕ್ಟರು ಕಣ್ಣು, ಕಿವಿ, ರಕ್ತದ ಒತ್ತಡ ನೋಡಿದರು. ಕುತ್ತಿಗೆ ಎಲ್ಲ ಕಡೆ ತಿರುಗಿಸಿದರು. ತಿರುಗಿತು. ಮ್ಯಾನೇಜರು ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರನ್ನು ಅಲ್ಲಿ ಕರೆದವರು ಯಾರು?

"ತಲೆನೋವು ಇದೆಯಾ?"

ಇಲ್ಲ ಅನ್ನುವುದಕ್ಕೆ ಬಾಯಿ ಸಿದ್ಧವಾಗಿತ್ತು. ಮ್ಯಾನೇಜರು ಆಗಲೇ ಮುಗುಳ್ನಕ್ಕರು, ಏನು ಹೇಳುತ್ತೇನೆ ಅಂತ ಗೊತ್ತಿದ್ದವರ ಹಾಗೆ. ಆ ನಗು ನೋಡಿ ನನಗೆ ರೇಗಿತು.

"ಇದೆ," ಅಂದೆ. "ಯಾವಾಗಲೋ ಒಂದ್ಸಲ ಬರುತ್ತೆ. ಬಂದ ದಿನ ಇಳಿಯೋವರೆಗೂ ನಾನು ಏಣಿ ಹತ್ತಲ್ಲ. ಮಾತ್ರೆ ನುಂಗಿ ಅಂತೂ ಹತ್ತೋದೇ ಇಲ್ಲ. ಇದನ್ನೂ ಬರ್ಕೊಳಿ."

ಮ್ಯಾನೇಜರು ಕಾಲು ಇಳಿಸಿದರು. ಡಾಕ್ಟರು ಪೆನ್ನು ಹಿಡಿದು ನನ್ನನ್ನು ನೋಡಿದರು. "ಎಷ್ಟೋ ವರ್ಷದಿಂದ ಆಪರೇಟರುಗಳನ್ನ ನೋಡ್ತಿದೀನಮ್ಮ. ಒಬ್ಬರಿಗೂ ತಲೆನೋವಿಲ್ಲ," ಅಂದರು. ಮೇಡಂ ಕೊಟ್ಟ ವರದಿ ಓದಿದರು. ಆಮೇಲೆ ಬರೆದರು. ಕೆಲಸಕ್ಕೆ ಯೋಗ್ಯ, ನೋವು ಬಂದ ದಿನ ಹತ್ತಬೇಕೋ ಬೇಡವೋ ಅನ್ನುವುದು ಆಪರೇಟರ ತೀರ್ಮಾನ.

ಮನೆಗೆ ಬಂದು ಹೇಳಿದರೆ ಇವರು ತಲೆ ಮೇಲೆ ಕೈ ಹೊತ್ತು ಕೂತರು. "ಇದೆ ಅಂದ್ಯಾ? ಅವರ ಎದುರಿಗೇನಾ?" ಅಂತ ಊಟ ಮುಗಿಯುವವರೆಗೂ ಕೇಳುತ್ತಿದ್ದರು.

ಏಪ್ರಿಲ್ 29, ಮಂಗಳವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಕಟ್ಟಡದ ಮುಂಭಾಗದ ಗಾಜಿನ ಹಲಗೆಗಳನ್ನು ಎತ್ತಬೇಕಾದ ದಿನ. ಒಂದೊಂದೂ ಒಂದು ಕೋಣೆಯ ಗೋಡೆಯಷ್ಟು. ಮಾಲೀಕರು ನೋಡಲು ಬರುವವರಿದ್ದರು. ನಿನ್ನೆ ಮೂರು ಜನರ ಕೆಲಸ ಒಬ್ಬಳೇ ಮಾಡಿದ್ದಕ್ಕೋ ಏನೋ, ಬೆಳಿಗ್ಗೆ ಎದ್ದಾಗಲೇ ಕುತ್ತಿಗೆ ಹಿಡಿದಿತ್ತು. ಸೈಟಿನ ಗೇಟು ದಾಟುವಷ್ಟರಲ್ಲಿ ಕಣ್ಣಿನ ಹಿಂದೆ ಮೊಳೆ.

ಹತ್ತಲಿಲ್ಲ. ಕ್ರೇನಿನ ಬುಡದಲ್ಲಿ ಒಂದು ಮರದ ಹಲಗೆ ಹಾಕಿಕೊಂಡು, ಎಲ್ಲರ ಎದುರಿಗೆ, ಅಂಗಾತ ಮಲಗಿ ಗದ್ದ ಎಳೆಯಲು ಶುರುಮಾಡಿದೆ. ಸಿಮೆಂಟು ಹೊರುವವರು ನಿಂತು ನೋಡಿದರು. ನೋಡಲಿ.

ಮ್ಯಾನೇಜರು ಓಡಿ ಬಂದರು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಮಾತ್ರೆ.

"ಇದೊಂದು ನುಂಗಿ ಹತ್ತಿ. ಇದೊಂದೇ ದಿನ. ಯಾರಿಗೂ ಹೇಳಲ್ಲ."

ಎಷ್ಟು ಮೆತ್ತಗೆ ಹೇಳಿದರು ಅಂದರೆ, ಒಂದು ಕ್ಷಣ ಕೈ ಮುಂದೆ ಹೋಗುವುದರಲ್ಲಿತ್ತು. ಸುಳ್ಳು ಯಾಕೆ. ಆ ಬಿಳಿ ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಅನ್ನುವುದು ನನ್ನ ಮೈಗೆ ಚೆನ್ನಾಗಿ ಗೊತ್ತು.

"ಬೇಡ ಸಾರ್. ನೋವು ಇಳಿದ್ಮೇಲೆ ಹತ್ತುತ್ತೀನಿ."

"ಮಾಲೀಕರು ಬರ್ತಿದಾರೆ."

"ಬರಲಿ. ಅವರಿಗೂ ಹೇಳ್ತೀನಿ."

ಅವರ ಮುಖ ಬದಲಾಯಿತು. "ಬರೆದಿದ್ದು ಕಾಗದದಲ್ಲಿರುತ್ತೆ ಅಷ್ಟೇ. ಇವತ್ತು ಹತ್ತಲಿಲ್ಲ ಅಂದ್ರೆ ನಾಳೆಯಿಂದ ನೀವು ಸ್ಟೋರು." ಬದಲಿಯವನ ಕಡೆ ತಿರುಗಿದರು. ಅವನೂ ಆಗಲೇ ತಲೆಭಾರದಿಂದ ಕಣ್ಣು ಕೆಂಪಾಗಿ ನಿಂತಿದ್ದ. ಮಾತ್ರೆ ಅವನ ಅಂಗೈಗೆ ಹೋಯಿತು. "ನೀನು ಹತ್ತು." ಅವನು ನನ್ನನ್ನು ನೋಡಿದ, ಮಾತ್ರೆ ನುಂಗಿದ, ಏಣಿಗೆ ಕೈ ಹಾಕಿದ. ಮನೆಯಲ್ಲಿ ಅವನಿಗೂ ಹೆಂಡತಿ ಮಕ್ಕಳು.

ನನ್ನ ಕ್ಯಾಬಿನ್ನು ಹೋಯಿತು ಅಂತ ನೋಡುತ್ತ ಮಲಗಿದ್ದೆ.

ಆಗ ಸೈಟಿನ ಎಲ್ಲ ವಾಕಿಟಾಕಿಗಳಲ್ಲೂ ಒಟ್ಟಿಗೆ ಇವರ ದನಿ ಬಂತು.

"ಗಾಜು ಎತ್ತೋದು ನಿಲ್ಲಿಸಿದೀನಿ."

ಇವರು ಗಾಜಿನ ಹಲಗೆಗಳ ಪಕ್ಕ ನಿಂತಿದ್ದರು. ವಾಕಿಟಾಕಿ ಬಾಯಿಗೆ ತಾಗಿಸಿಕೊಂಡಿದ್ದರು. "ಮಾತ್ರೆ ನುಂಗಿದೋರು ಹತ್ತಿದ್ರೆ ನಾನು ದಾರಿ ಹೇಳಲ್ಲ. ನಾನು ಹೇಳದೆ ಕೊಕ್ಕೆ ಅಲ್ಲಾಡಬಾರದು, ಅದು ರೂಲ್ಸು. ಇಳಿಯಪ್ಪ ಕೆಳಗೆ."

ನನ್ನ ಎದುರು ಗಟ್ಟಿಯಾಗಿ ಮಾತಾಡದ ಮನುಷ್ಯ. ಮ್ಯಾನೇಜರ ಎದುರು ಚಪ್ಪಲಿಯ ಸದ್ದೂ ಮಾಡದ ಮನುಷ್ಯ. ಬದಲಿಯವನು ಏಣಿಯಿಂದ ಇಳಿದು ಬಂದ, ಬಂದವನು ನನ್ನ ಹಲಗೆಯ ತುದಿಯಲ್ಲಿ ಕೂತ. ಸಿಮೆಂಟಿನವರು ಬುಟ್ಟಿ ಕೆಳಗಿಟ್ಟರು. ಕಾಂಕ್ರೀಟು ಕಲೆಸುವ ಯಂತ್ರವನ್ನು ಯಾರೋ ಆರಿಸಿದರು. ಮ್ಯಾನೇಜರು ಇವರ ಹತ್ತಿರ ಹೋಗಿ ಏನೇನೋ ಕೂಗಿದರು. ಇವರು ವಾಕಿಟಾಕಿ ಕೊಡಲಿಲ್ಲ.

ಮಾಲೀಕರು ಬಂದರು, ಕಾರಿನಿಂದ ಇಳಿದು ಏನಾಯಿತು ಅಂದರು. ಮ್ಯಾನೇಜರು ಬಾಯಿ ತೆರೆಯುವ ಮೊದಲು ನಾನು ಮಲಗಿದಲ್ಲಿಂದಲೇ ಹೇಳಿದೆ. ಮಾತ್ರೆ, ಡ್ರಾಯರು, ಎಲ್ಲ. ಅವರು ಗಾಜನ್ನು ನೋಡಿದರು, ಕೆಳಗೆ ನಿಂತ ಅಷ್ಟು ಜನರನ್ನು ನೋಡಿದರು. "ಊಟ ಆದ್ಮೇಲೆ ಎತ್ತಿ," ಅಂದು ನೆರಳಿಗೆ ಹೋಗಿ ನಿಂತರು.

ಊಟದ ಹೊತ್ತಿಗೆ ಮೊಳೆ ಸಡಿಲವಾಯಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಹೋಯಿತು. ಹತ್ತಿದೆ. ಬೆನ್ನು ಸೀಟಿಗೆ ಕೊಟ್ಟೆ. ಇವರು ಹೇಳಿದರು, ನಾನು ಇಳಿಸಿದೆ. ಅಷ್ಟು ಗಾಜಿನಲ್ಲಿ ಒಂದಕ್ಕೂ ಗೀರು ಬೀಳಲಿಲ್ಲ.

ಸಂಜೆ ಇಳಿದಾಗ ಮ್ಯಾನೇಜರು ಏಣಿಯ ಕೆಳಗೆ ಕಾಯುತ್ತಿದ್ದರು. ನನ್ನನ್ನು ನೋಡದೆ ಇವರನ್ನು ಕೇಳಿದರು.

"ನಾಳೆ ಬೆಳಿಗ್ಗೆ ಯಾರು ಹತ್ತೋದು?"

"ಅವಳನ್ನೇ ಕೇಳಿ," ಅಂದರು ಇವರು.

ಮ್ಯಾನೇಜರು ನನ್ನ ಕಡೆ ತಿರುಗಿದರು. ಸ್ಟೋರು ಅನ್ನುವ ಮಾತು ಬರಲಿಲ್ಲ.

"ಬೆಳಿಗ್ಗೆ ಎದ್ದು, ತಲೆ ಹೇಗಿದೆ ನೋಡ್ಕೊಂಡು ಹೇಳ್ತೀನಿ ಸಾರ್," ಅಂದೆ.

ಅವರು "ಆಯ್ತು. ಫೋನ್ ಮಾಡಿ," ಅಂದು ಹೋದರು.